ಕಿರ್ದಿ ಸರಿ, ಸರಕು ಎಲ್ಲಿ?
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ದಿನದ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಬಳಿಕ ಖಾತೆಗೆ ಏರಿಸುವುದು ನಮ್ಮಲ್ಲಿ ಅನೇಕರ ನಿತ್ಯದ ಕೆಲಸ. ಖಾತೆ ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಪೂರೈಸಬಹುದು. ಕಂಪ್ಯೂಟರಿನಲ್ಲಿಯೂ ಇದೇ ಪದ್ಧತಿ ಉಂಟು. ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಲೆಕ್ಕವಿಡುವ ವ್ಯವಸ್ಥೆಯೇ ಫೈಲ್ ಸಿಸ್ಟಮ್. ಬದಲಾವಣೆಯನ್ನು ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುವಂಥದು ಜರ್ನಲಿಂಗ್ ಫೈಲ್ ಸಿಸ್ಟಮ್.

ಲಿನಕ್ಸ್ ಯಂತ್ರಗಳಲ್ಲಿ ಮೊದಲು ಎಕ್ಸ್‌ಟಿ3 ಎಂಬುದು ರೂಢಿಯಲ್ಲಿತ್ತು. ಅದು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಕಿರ್ದಿ ಮುಗಿಸುತ್ತಿತ್ತು. ಅದಕ್ಕೆ ಮುಂಚೆ ಕಡತದ ಬರಹವನ್ನು ಡಿಸ್ಕಿಗೆ ಸೇರಿಸುತ್ತಿತ್ತು. 2008ರ ಡಿಸೆಂಬರಿನಲ್ಲಿ ಎಕ್ಸ್‌ಟಿ4 ಬಳಕೆಗೆ ಸಿದ್ಧವಾಯಿತು. ಕೆಲಸ ಚುರುಕಾಗಲೆಂದು ಇದು ಬರಹಕ್ಕೆ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನು ತಡಮಾಡುತ್ತಿತ್ತು. ಬರಹ ಅರ್ಧ ನಿಮಿಷದಷ್ಟು ಕಾಲ ಯಂತ್ರದ ಮೆಮೊರಿಯಲ್ಲಿಯೇ ಕಾದಿರುತ್ತಿತ್ತು.

ತೊಡಕು ಇಲ್ಲಿಯೇ. ಅನೇಕ ಪ್ರೋಗ್ರಾಮುಗಳು ಹೊಸ ಪ್ರತಿಯನ್ನು ಬೇರೆ ಹೆಸರಿನಲ್ಲಿ ಬರೆದು, ಕೊನೆಗೆ ಅದಕ್ಕೆ ಹಳೆಯ ಹೆಸರನ್ನೇ ಕೊಡುತ್ತವೆ. ಹೆಸರು ಬದಲಾದ ಸಂಗತಿ ಕಿರ್ದಿಗೆ ಬೇಗ ಏರಿತು. ಬರಹ ಹಿಂದೆ ಉಳಿಯಿತು. ಅಷ್ಟರಲ್ಲಿ ಕರೆಂಟು ಹೋದರೆ? ಹಳೆಯ ಪ್ರತಿ ರದ್ದಾಗಿದೆ, ಹೊಸದು ಬಂದಿಲ್ಲ. ಕಡತದ ಹೆಸರುಂಟು, ಒಳಗೆ ಸೊನ್ನೆ! ಗೋದಾಮಿಗೆ ಬಟ್ಟೆ ಬರುವ ಮೊದಲೇ ಜಮಾ ಬರೆದು, ಹಳೆಯ ದಾಸ್ತಾನನ್ನು ಹೊರಹಾಕಿದಂತಾಯಿತು. 2009ರ ಆರಂಭದಲ್ಲಿ ಇಂಥ ದೂರುಗಳು ಬಂದವು.

ಕಿರ್ದಿಯ ಒಂದು ಸಾಲೂ ಕೆಟ್ಟಿರಲಿಲ್ಲ. ತಪ್ಪಿದ್ದು ಸರದಿ. ಎಕ್ಸ್‌ಟಿ4ರ ಪ್ರಮುಖ ಕರ್ತೃ ಥಿಯೊಡೋರ್ ಟ್ಸೋ ಅವರು, ಎಫ್‌ಸಿಂಕ್ ಎಂಬ ಆಜ್ಞೆಯಿಂದ ಬರಹವನ್ನು ಡಿಸ್ಕಿಗೆ ಮುಟ್ಟಿಸುವುದು ಪ್ರೋಗ್ರಾಮು ಬರೆಯುವವರ ಹೊಣೆ ಎಂದರು. ನಿಯಮದಂತೆ ಅದು ಸರಿಯೇ. ಆದರೆ ನಿಯಮ ಗೆದ್ದರೆ ಕಡತ ಕಳೆದುಕೊಂಡವನಿಗೆ ಬಂದ ಲಾಭವೇನು? ಇದನ್ನರಿತು ಅವರೇ ತಿದ್ದುಪಡಿಯನ್ನೂ ಬರೆದರು. ಹಳೆಯ ಕಡತದ ಸ್ಥಾನಕ್ಕೆ ಹೊಸದು ಬರುವಾಗ ತಡಮಾಡದೆ ಜಾಗ ಕೊಡಬೇಕು. ಬರಹ ಮೊದಲು, ಕಿರ್ದಿ ಆಮೇಲೆ. 2009ರ ಜೂನಿನಲ್ಲಿ ಬಂದ ಲಿನಕ್ಸ್ 2.6.30ರಲ್ಲಿ ಇದು ಸೇರಿತು.

ಅನೇಕ ಆಂಡ್ರಾಯ್ಡ್ ಫೋನುಗಳೊಳಗೂ ಇದೇ ಎಕ್ಸ್‌ಟಿ4 ಉಂಟು. ನಮ್ಮ ಅರ್ಜಿ, ಮಕ್ಕಳ ಅಂಕಪಟ್ಟಿ, ಊರಿಗೆ ಕಳಿಸಿದ ಹಣದ ರಸೀದಿ ಈಗ ಇಂಥ ಕಿರ್ದಿಯನ್ನೇ ನಂಬಿವೆ. ಆದರೂ ತಿದ್ದುಪಡಿ ಕೆಲವು ಸಂದರ್ಭಗಳನ್ನಷ್ಟೇ ಕಾಯುತ್ತದೆ. ಆದುದರಿಂದ ಕಡತ ಉಳಿಸಿದೊಡನೆ ಸ್ವಿಚ್ಚು ಆರಿಸಬೇಡಿ. ಯಂತ್ರವನ್ನು ಕ್ರಮದಂತೆ ಮುಚ್ಚಿರಿ. ಪೆನ್‌ಡ್ರೈವನ್ನು ಯಂತ್ರದ ಒಪ್ಪಿಗೆ ಬಂದಮೇಲೆಯೇ ಕಳಚಿರಿ. ಮುಖ್ಯ ಕಾಗದಗಳ ಎರಡನೆಯ ಪ್ರತಿ ಬೇರೆ ಕಡೆ ಇರಲಿ.