ಜಯಲಕ್ಷ್ಮೀ ವಿಲಾಸ: ಒಂದು ಮನೆಯ ಎರಡು ಬಾಳು

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕೆ, ಮಾನಸಗಂಗೋತ್ರಿಯ ಎತ್ತರದ ನೆಲದಲ್ಲಿ ನಿಂತಿರುವ ಜಯಲಕ್ಷ್ಮೀ ವಿಲಾಸವನ್ನು ಜನ ಅರಮನೆಯೆಂದೇ ಕರೆಯುವುದುಂಟು. ವಾಸ್ತವವಾಗಿ ಅದು ಆಸ್ಥಾನ ನಡೆದ ಅರಮನೆಯಲ್ಲ. ಒಬ್ಬ ಹೆಣ್ಣುಮಗಳಿಗಾಗಿ ಕಟ್ಟಿದ ಮನೆ. ಅದನ್ನು ಮನೆಯೆಂದು ನೋಡಿದಾಗಲೇ ಅದರ ಚರಿತ್ರೆ ನಮಗೆ ಹತ್ತಿರವಾಗುತ್ತದೆ ಎಂದು ನನ್ನ ಭಾವನೆ.

ಆ ಹೆಣ್ಣುಮಗಳು ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿ. 1897ರಲ್ಲಿ ಆಕೆಯ ವಿವಾಹ ನಡೆಯುತ್ತಿದ್ದಾಗಲೇ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ನಾವು ಇಂದು ಕಾಣುವ ದೊಡ್ಡ ಅರಮನೆ ಆ ಬೂದಿಯ ಮೇಲೆ ಎದ್ದದ್ದು. ಅದರ ಕೆಲಸ 1912ರವರೆಗೂ ನಡೆಯಿತು. ಈ ನಡುವೆ, 1905ರಲ್ಲಿ, ಜಯಲಕ್ಷ್ಮಮ್ಮಣ್ಣಿಯವರಿಗೆ ಈ ಮನೆ ಸಿದ್ಧವಾಯಿತು. ಪತಿ ಸರ್ ಎಂ. ಕಾಂತರಾಜ ಅರಸರು ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಸಹೋದರರು. 1919ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದವರು.

ಕಟ್ಟಡಕ್ಕೆ 125 ಕೋಣೆಗಳು, 300 ಕಿಟಕಿಗಳು, 287 ಕೆತ್ತನೆಯ ಬಾಗಿಲುಗಳು ಎಂಬ ಲೆಕ್ಕವಿದೆ. ಮುಂಭಾಗ ಪಾಶ್ಚಾತ್ಯ ರೀತಿಯದು: ಜೋಡಿ ಕಂಬಗಳು, ಅವುಗಳ ತಲೆಯಲ್ಲಿ ಗ್ರೀಕ್ ಮಾದರಿಯ ಎಲೆ-ಸುರುಳಿಗಳು, ಮೇಲೆ ತ್ರಿಕೋನದ ಮುಡಿ. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ನಡುವೆ ಕಲ್ಯಾಣಮಂಟಪ, ಮೇಲೆ ಗುಮ್ಮಟ, ಬಣ್ಣದ ಗಾಜಿನಿಂದ ಸೋಸಿ ಬರುವ ಬೆಳಕು, ಮರದಲ್ಲಿ ಕಡೆದ ದೇವತಾಮೂರ್ತಿಗಳು. ಅತಿಥಿಗೆ ತೋರುವ ಮುಖ ಯೂರೋಪಿನದು. ಮದುವೆ, ಪೂಜೆ, ಹಬ್ಬಗಳು ನಡೆಯುವ ಒಡಲು ನಮ್ಮದು. ಆ ಕಾಲದ ಮೈಸೂರಿನ ಮನಸ್ಸೇ ಹೀಗಿತ್ತು. ಅದನ್ನು ಗ್ರಂಥಗಳಿಗಿಂತ ಈ ಗೋಡೆಗಳು ಸ್ಪಷ್ಟವಾಗಿ ಹೇಳುತ್ತವೆ.

ಸಂಸ್ಥಾನಗಳ ಕಾಲ ಮುಗಿದ ಮೇಲೆ ಇಂಥ ಮನೆಗಳ ಗತಿಯೇನು? ಆಳುಕಾಳುಗಳಿಲ್ಲದೆ ನೂರಾರು ಕೋಣೆಗಳನ್ನು ಗುಡಿಸಿ ಬೆಳಗುವವರು ಯಾರು? ಚೆಲುವಾಂಬಮ್ಮಣ್ಣಿಯವರ ಭವನ ಕೇಂದ್ರ ಆಹಾರ ಸಂಶೋಧನಾಲಯವಾಯಿತು. ಜಯಲಕ್ಷ್ಮೀ ವಿಲಾಸ 1959ರಲ್ಲಿ, ಕುವೆಂಪು ಅವರು ಕುಲಪತಿಗಳಾಗಿದ್ದಾಗ, ಸುತ್ತಲಿನ ನೆಲದೊಡನೆ ಹತ್ತು ಲಕ್ಷ ರೂಪಾಯಿಗೆ ಮೈಸೂರು ವಿಶ್ವವಿದ್ಯಾನಿಲಯದ ಸ್ವತ್ತಾಯಿತು. ಸ್ನಾತಕೋತ್ತರ ಅಧ್ಯಯನಕ್ಕೆ ಊರ ಗದ್ದಲದಿಂದ ದೂರವಾದ ವಿಶಾಲ ನೆಲೆ ಬೇಕಾಗಿತ್ತು. ಆ ನೆಲೆಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಕವಿಯೇ.

1960ರ ದಶಕದ ಕೊನೆಯಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. ದೇ. ಜವರೇಗೌಡ, ಜೀ. ಶಂ. ಪರಮಶಿವಯ್ಯ, ಪಿ. ಆರ್. ತಿಪ್ಪೇಸ್ವಾಮಿ ಇವರ ಶ್ರಮ ಅದರ ಹಿಂದಿದೆ. ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ಕಿರೀಟ, ನೇಗಿಲು, ಮೊರ, ಬೀಸುವ ಕಲ್ಲು, ಸೇರು ಪಾವುಗಳು ರಾಜಕುಮಾರಿಯ ಕೋಣೆಗಳನ್ನು ತುಂಬಿದವು. ಯಾವ ರೈತರ ಕಂದಾಯದಿಂದ ಇಂಥ ಭವನಗಳು ಎದ್ದವೋ ಆ ರೈತರ ನೇಗಿಲಿಗೆ ಇಲ್ಲಿ ಗೌರವದ ಸ್ಥಾನ ದೊರೆಯಿತು. ಒಡೆತನದ ಬದಲಾವಣೆ ಎಂದರೆ ಕಾಗದಪತ್ರದ ಮೇಲಿನ ಹೆಸರು ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಆದರೆ ಎಲ್ಲರ ಮನೆಯಾದುದಕ್ಕೆ ಒಂದು ಅಪಾಯವೂ ಉಂಟು. ಅದು ಯಾರ ಮನೆಯೂ ಅಲ್ಲದಂತಾಗಬಹುದು. ಗಾರೆಯ ಚಾವಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಒಂದೆರಡು ಮಳೆಗಾಲದಲ್ಲಿ ನೀರು ತೊಲೆಗೆ ಇಳಿಯುತ್ತದೆ. ಹಕ್ಕಿ ಬೀಳಿಸಿದ ಅರಳಿಯ ಬೀಜ ಗೋಡೆಯಲ್ಲಿ ಬೇರೂರುತ್ತದೆ. ಈ ಭವನವೂ ಶಿಥಿಲವಾಗಿ, ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾಯಿತು. ಹಳೆಯ ಮನೆಯನ್ನು ಒಮ್ಮೆ ದುರಸ್ತಿ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಪ್ರತಿ ಮುಂಗಾರಿಗೆ ಮುನ್ನ ಚಾವಣಿ ಹತ್ತಿ ನೋಡುವವರು ಬೇಕು. ಹಿಂದೆ ಆ ಕೆಲಸ ಮನೆಯವರದಾಗಿತ್ತು. ಈಗ ಮನೆಯವರು ನಾವು.