ನಿದ್ದೆಗೆಟ್ಟ ಮರುದಿನ

ಮಕ್ಕಳಿಗೆ ನಿದ್ದೆಯನ್ನು ತಡೆಯುವುದು ಕಷ್ಟ; ವಯಸ್ಸಾದವರಿಗೆ ಅದನ್ನು ಕರೆಯುವುದು ಕಷ್ಟ. ಮಧ್ಯಾಹ್ನದ ಹಳಗನ್ನಡ ಪಾಠದಲ್ಲಿ ತೂಕಡಿಸುವ ಹುಡುಗರನ್ನು ಬಹುಕಾಲ ಗದರಿಸಿದವನು ನಾನು. ಐವತ್ತೈದು ದಾಟಿದ ಈಚೆಗೆ ಅವರನ್ನು ಕಂಡರೆ ಕೊಂಚ ಅಸೂಯೆಯೇ ಆಗುತ್ತದೆ.

ನಿದ್ದೆ ಕೆಟ್ಟರೆ ರಾತ್ರಿಯೊಂದೇ ಕೆಡುವುದಿಲ್ಲ. ಮರುದಿನದ ಮನಸ್ಸೂ ಕೆಡುತ್ತದೆ. ಭಾವನವರು ತೀರಿಕೊಂಡ ಮೇಲೆ ನನ್ನ ಅಕ್ಕ ನಮ್ಮ ಮನೆಗೆ ಬಂದಳು. ವಯಸ್ಸು ಅರವತ್ತೆಂಟು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತದು. ಹಗಲೆಲ್ಲ ಸಿಡುಕು, ನೆರೆಯವರು ಬಂದರೂ ಮಾತು ಬೇಡ. “ನನ್ನಿಂದ ಯಾರಿಗೇನು ಪ್ರಯೋಜನವೋ?” ಎಂದು ಒಂದು ದಿನ ಅವಳು ಅಂದಾಗ ನನಗೆ ದಿಗಿಲಾಯಿತು. ಡಾಕ್ಟರ ಬಳಿಗೆ ಕರೆದೊಯ್ದೆ. ಅವರು ಎಲ್ಲವನ್ನೂ ಪರೀಕ್ಷಿಸಿ, “ಸದ್ಯಕ್ಕೆ ಗುಳಿಗೆ ಬೇಡ, ದಿನವೂ ನಡೆಯಿರಿ” ಎಂದರು.

“ನಿದ್ದೆಗೂ ಕಾಲಿಗೂ ಏನೋ ಸಂಬಂಧ?” ಎಂದಳು ಅಕ್ಕ.

ನಾನೂ ಹಿಂಜರಿದೆನೆನ್ನಿ. ವೃದ್ಧರು ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿರುವುದನ್ನು ಓದಿದ್ದೆ. ಆದರೆ ಸುಶ್ರುತಸಂಹಿತೆಯನ್ನು ತೆರೆದಾಗ ಸಂಶಯ ಹರಿಯಿತು. ದೇಹವನ್ನು ಹೆಚ್ಚು ಪೀಡಿಸದ ಚಂಕ್ರಮಣ, ಎಂದರೆ ಅಡ್ಡಾಡುವಿಕೆ, ಆಯುಸ್ಸು, ಬಲ, ಬುದ್ಧಿಗಳನ್ನು ಹೆಚ್ಚಿಸಿ ಇಂದ್ರಿಯಗಳನ್ನು ಚುರುಕುಗೊಳಿಸುವುದೆಂದು ಅಲ್ಲಿ ಉಂಟು. ಗರಡಿಯ ಸಾಮು ಬೇರೆ, ನಡಿಗೆ ಬೇರೆ.

ಇಂದಿನ ವಿಜ್ಞಾನವೂ ನಡಿಗೆಯ ಪಕ್ಷವನ್ನೇ ಹಿಡಿದಿದೆ. 2010ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನಿದ್ರಾಹೀನತೆಯಿಂದ ಬಳಲುತ್ತಿದ್ದ, 55 ವರ್ಷ ಮೀರಿದ 17 ಮಂದಿ ಅದರಲ್ಲಿದ್ದರು. ಅವರಲ್ಲಿ ಕೆಲವರು 16 ವಾರ ಕ್ರಮವಾಗಿ ವ್ಯಾಯಾಮ ಮಾಡಿದರು. ಅವರ ನಿದ್ದೆ ಸುಧಾರಿಸಿತು. ಹಗಲಿನ ತೂಕಡಿಕೆ ತಗ್ಗಿತು. ಮನಸ್ಸಿನ ಖಿನ್ನತೆಯೂ ಇಳಿಯಿತು. ಪ್ರಯೋಗ ಚಿಕ್ಕದು, ನಿಜ. ಆದರೆ ನೀವು ಗಮನಿಸಬೇಕಾದದ್ದು ಆ ಹದಿನಾರು ವಾರಗಳನ್ನು. ಅದೇ ವಿದ್ವಾಂಸರು 2013ರಲ್ಲಿ ಇನ್ನೊಂದು ಸಂಗತಿಯನ್ನು ತಿಳಿಸಿದರು: ಇಂದಿನ ವ್ಯಾಯಾಮದಿಂದ ಇಂದೇ ರಾತ್ರಿ ನಿದ್ದೆ ಬರುವುದೆಂಬ ಭರವಸೆಯಿಲ್ಲ, ಆದರೆ ಇಂದು ನಿದ್ದೆ ಹತ್ತಲು ತಡವಾದರೆ ನಾಳೆಯ ವ್ಯಾಯಾಮ ಮೊಟಕಾಗುತ್ತದೆ.

ತೊಡಕಿರುವುದು ಇಲ್ಲಿಯೇ. ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ಅಕ್ಕ, “ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ಇವತ್ತು ಬೇಡ ಕಣೋ” ಎಂದಳು. “ಬೀದಿಯ ಕೊನೆಯವರೆಗೆ ಮಾತ್ರ ಹೋಗಿ ಬರೋಣ, ಬಾಕ್ಕಾ” ಎಂದೆ. ಬಂದಳು. ಅಂದು ಹತ್ತೇ ನಿಮಿಷ ನಡೆದೆವು. ಆ ಹತ್ತು ನಿಮಿಷವೇ ಮುಂದಿನ ತಿಂಗಳುಗಳನ್ನು ಉಳಿಸಿತೆಂದು ಈಗ ತಿಳಿಯುತ್ತದೆ.

ನಿಮಗೂ ಇದೇ ನನ್ನ ಅರಿಕೆ. ನಿದ್ದೆಗೆಟ್ಟ ಮರುದಿನ ನಡಿಗೆಯನ್ನು ಬಿಡಬೇಡಿ. ಬೇಕಾದರೆ ಕಡಮೆ ಮಾಡಿ. ತಲೆ ತಿರುಗುವಂತಿದ್ದರೆ ಮಾತ್ರ ಅಂದು ಕುಳಿತುಕೊಳ್ಳಿ. ವಾರಕ್ಕೆ 150 ನಿಮಿಷವಾದರೂ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದರೆ ಐದು ದಿನ, ದಿನಕ್ಕೆ ಅರ್ಧ ಗಂಟೆ. ನಡೆಯುತ್ತ ಮಾತಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅದೇ ಹದ. ವಾರಕ್ಕೆರಡು ದಿನವಾದರೂ ಕುರ್ಚಿಯಿಂದ ಎದ್ದು ಕೂತು ತೊಡೆಗೆ ಬಲ ಕೊಡಿ. ಮೂರು ದಿನ ಗೋಡೆಯ ಆಸರೆಯಲ್ಲಿ ಒಂದು ಕಾಲಿನ ಮೇಲೆ ನಿಂತು ಸಮತೋಲ ಕಲಿಯಿರಿ. ಬೆಳಗಿನ ಬೆಳಕಿನಲ್ಲಿ ನಡೆದರೆ ದೇಹದೊಳಗಿನ ಗಡಿಯಾರವೂ ಸರಿಹೋಗುತ್ತದೆ. ಜೊತೆಗೊಬ್ಬರಿದ್ದರೆ ಮನಸ್ಸಿಗೆ ಅದೇ ಅರ್ಧ ಔಷಧ.

ಎದೆನೋವು, ಏದುಸಿರು ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ. ನಿದ್ದೆಯಲ್ಲಿ ಜೋರಾದ ಗೊರಕೆಯ ನಡುವೆ ಉಸಿರು ನಿಂತಂತಾಗುವವರೂ, ವಾರಗಟ್ಟಲೆ ಬದುಕೇ ಬೇಡವೆನಿಸುವವರೂ ನಡಿಗೆಯೊಂದನ್ನೇ ನೆಚ್ಚಬಾರದು. ಚಿಕಿತ್ಸೆ ಬೇಕು, ಕೇಳಲು ಸಂಕೋಚ ಬೇಡ.

ಅಕ್ಕನಿಗೆ ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಆದರೆ “ನನ್ನಿಂದೇನು ಪ್ರಯೋಜನ” ಎಂಬ ಮಾತು ನಿಂತಿದೆ. ಬೆಳಗ್ಗೆ ನಾನಿನ್ನೂ ಹಾಸಿಗೆಯಲ್ಲಿರುವಾಗ ಬಾಗಿಲಲ್ಲಿ ಚಪ್ಪಲಿಯ ಸದ್ದು ಕೇಳುತ್ತದೆ: “ಏಳೋ, ಹೊತ್ತಾಯಿತು!”