ಅನ್ಯಾಯವಿದೆ, ಅನ್ಯಾಯಿ ಎಲ್ಲಿ?

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾನೂನಿನ ಮುಂದೆ ಸರ್ವರೂ ಸಮಾನರು ಎಂಬ ಮಾತನ್ನು ಅಮೆರಿಕವು ಜಗತ್ತಿಗೇ ಬೋಧಿಸುತ್ತಾ ಬಂದಿದೆ. ಆ ಮಾತು ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲೇ ಪರೀಕ್ಷೆಗೆ ಒಳಗಾದ ಪ್ರಕರಣವೊಂದನ್ನು ತಮ್ಮ ಮುಂದಿಡಲು ನಾವು ಬಯಸುತ್ತೇವೆ.

1978ರಲ್ಲಿ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಪೀಠೋಪಕರಣದ ಅಂಗಡಿಯೊಂದರ ದರೋಡೆಯ ವೇಳೆ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬರು ಗುಂಡಿಗೆ ಬಲಿಯಾದರು. ವಾರೆನ್ ಮೆಕ್ಲೆಸ್ಕಿ ಎಂಬ ಕರಿಯ ವ್ಯಕ್ತಿಗೆ ಮರಣದಂಡನೆಯಾಯಿತು. ಸಾಮಾನ್ಯ ನಾಗರಿಕರಿಂದ ಆಯ್ದ ಹನ್ನೆರಡು ಜ್ಯೂರಿ ಸದಸ್ಯರಲ್ಲಿ ಹನ್ನೊಂದು ಮಂದಿ ಬಿಳಿಯರಾಗಿದ್ದರು. ಆತ ನಿರಪರಾಧಿಯೆಂದು ವಾದಿಸಲು ನಾವಿಲ್ಲಿ ನಿಂತಿಲ್ಲ. ಒಂದು ಜೀವ ಹೋಗಿದೆ, ಒಂದು ಕುಟುಂಬ ಅನಾಥವಾಗಿದೆ. ನಮ್ಮ ಪ್ರಶ್ನೆ ಇಷ್ಟೇ: ಒಂದೇ ಅಪರಾಧಕ್ಕೆ ಎಲ್ಲರಿಗೂ ಒಂದೇ ಶಿಕ್ಷೆಯೇ?

ಕಾನೂನು ಪ್ರಾಧ್ಯಾಪಕ ಡೇವಿಡ್ ಬಾಲ್ಡಸ್ ಮತ್ತು ಸಂಗಡಿಗರು ಜಾರ್ಜಿಯಾದಲ್ಲಿ 1970ರ ದಶಕದಲ್ಲಿ ನಡೆದ ಎರಡು ಸಾವಿರಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ಪರಿಶೀಲಿಸಿದರು. ಕೊಲೆಯಾದವನು ಬಿಳಿಯನಾಗಿದ್ದ ಪ್ರಕರಣಗಳ ಪೈಕಿ ಶೇ. 11ರಲ್ಲಿ ಮರಣದಂಡನೆಯಾಗಿತ್ತು, ಕರಿಯನಾಗಿದ್ದಲ್ಲಿ ಕೇವಲ ಶೇ. 1. ಅಪರಾಧದ ಸ್ವರೂಪ, ಆರೋಪಿಯ ಹಿನ್ನೆಲೆ ಮುಂತಾದುವನ್ನು ತೂಗಿ ನೋಡಿದ ಬಳಿಕವೂ ಬಿಳಿಯನನ್ನು ಕೊಂದವನಿಗೆ ಮರಣದಂಡನೆಯ ಸಂಭವ 4.3 ಪಟ್ಟು ಹೆಚ್ಚಿತ್ತು. ಕರಿಯನು ಬಿಳಿಯನನ್ನು ಕೊಂದ ಪ್ರಕರಣಗಳ ಶೇ. 70ರಲ್ಲಿ ಸರಕಾರಿ ವಕೀಲರು ಮರಣದಂಡನೆ ಕೇಳಿದ್ದರು. ಬಿಳಿಯನು ಕರಿಯನನ್ನು ಕೊಂದಾಗ ಕೇಳಿದ್ದು ಶೇ. 19ರಲ್ಲಿ ಮಾತ್ರ. ಅಂದರೆ ತಕ್ಕಡಿ ಓಲುವುದು ತೀರ್ಪಿನ ದಿನದಂದಷ್ಟೇ ಅಲ್ಲ. ಯಾರೂ ನೋಡದ ವಕೀಲರ ಮೇಜಿನ ಮೇಲೂ ಅದು ಓಲುತ್ತದೆ.

1987ರ ಎಪ್ರಿಲ್ 22ರಂದು ಸರ್ವೋಚ್ಚ ನ್ಯಾಯಾಲಯವು 5-4ರ ಬಹುಮತದಿಂದ ಮೆಕ್ಲೆಸ್ಕಿಯ ಮನವಿಯನ್ನು ತಳ್ಳಿಹಾಕಿತು. ಅಧ್ಯಯನ ಸರಿಯೆಂದೇ ಇಟ್ಟುಕೊಂಡು ನ್ಯಾಯಾಲಯ ಈ ತೀರ್ಮಾನಕ್ಕೆ ಬಂತು ಎಂಬುದು ಗಮನಾರ್ಹ. ಈತನ ಪ್ರಕರಣದಲ್ಲಿ ಇಂತಹ ವ್ಯಕ್ತಿ ಉದ್ದೇಶಪೂರ್ವಕ ವರ್ಣಭೇದ ಮಾಡಿದನೆಂದು ಸಾಬೀತಾಗಬೇಕು, ಅಂಕಿಗಳು ಸಾಲವು ಎಂಬುದು ಅದರ ನಿಲುವು. ಈ ವಾದವನ್ನು ಒಪ್ಪಿದರೆ ಇಡೀ ದಂಡನಾ ವ್ಯವಸ್ಥೆಯೇ ಪ್ರಶ್ನೆಗೊಳಗಾಗುತ್ತದೆ ಎಂಬ ಅಳುಕೂ ತೀರ್ಪಿನಲ್ಲಿತ್ತು. ಪ್ರಶ್ನೆಗೊಳಗಾದರೆ ಆಗಲಿ! ನ್ಯಾಯಾಲಯವಿರುವುದು ಅದಕ್ಕಾಗಿಯೇ ಅಲ್ಲವೇ?

ಉದ್ದೇಶವನ್ನು ಯಾರಾದರೂ ಬರೆದಿಡುತ್ತಾರೆಯೇ? ಅಪರೂಪಕ್ಕೆ ಬರೆದಿಡುತ್ತಾರೆ. ಅದೇ 1987ರಲ್ಲಿ, ಅದೇ ಜಾರ್ಜಿಯಾದಲ್ಲಿ, ತಿಮೋತಿ ಫಾಸ್ಟರ್ ಎಂಬ ಕರಿಯ ಯುವಕನಿಗೆ ಬಿಳಿಯರೇ ತುಂಬಿದ್ದ ಜ್ಯೂರಿಯು ಮರಣದಂಡನೆ ವಿಧಿಸಿತ್ತು. ಸರಕಾರಿ ವಕೀಲರ ಟಿಪ್ಪಣಿಗಳು ವರ್ಷಗಳ ನಂತರ ಹೊರಬಂದಾಗ, ಜ್ಯೂರಿಗೆ ಬರಬಹುದಾಗಿದ್ದ ಕರಿಯರ ಹೆಸರುಗಳಿಗೆಲ್ಲ ಹಸಿರು ಬಣ್ಣ ಬಳಿದಿರುವುದು ಕಂಡಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ವರ್ಣಭೇದವೆಂದು ಒಪ್ಪಿತು. ಅಷ್ಟರಲ್ಲಿ ಸುಮಾರು 29 ವರ್ಷ ಸಂದಿತ್ತು. ಆ ಕಾಗದಗಳು ಸಿಗದಿದ್ದರೆ?

ಮೆಕ್ಲೆಸ್ಕಿಯನ್ನು 1991ರ ಸೆಪ್ಟೆಂಬರ್ 25ರಂದು ವಿದ್ಯುತ್ ಕುರ್ಚಿಗೆ ಏರಿಸಲಾಯಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ನಿವೃತ್ತರಾದ ಮೇಲೆ, ಅದೇ ವರ್ಷ, ಆ ಪ್ರಕರಣದಲ್ಲಿ ತಮ್ಮ ಮತವನ್ನು ಬದಲಿಸಲು ಬಯಸುವುದಾಗಿ ತಮ್ಮ ಜೀವನಚರಿತ್ರೆಕಾರರಲ್ಲಿ ಹೇಳಿಕೊಂಡರು. ಪಶ್ಚಾತ್ತಾಪ ಪ್ರಾಮಾಣಿಕವೇ ಇರಬಹುದು. ಆದರೆ ಐದರಲ್ಲಿ ಒಂದು ಮತ ಅತ್ತ ಸರಿದಿದ್ದರೆ ತೀರ್ಪೇ ತಿರುಗುತ್ತಿತ್ತು.

ದಾರಿ ಪೂರ್ತಿ ಮುಚ್ಚಿಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಉದ್ದೇಶವನ್ನು ಸಾಬೀತುಪಡಿಸದೆಯೂ, ಅಂಕಿಅಂಶಗಳ ಬಲದಿಂದಲೂ ವರ್ಣಭೇದವನ್ನು ಪ್ರಶ್ನಿಸಲು ಅವಕಾಶವಿರುವ ಕಾನೂನು ಮಾಡಿತು. ಅದಕ್ಕೂ ಮೊದಲು, 2009ರಲ್ಲಿ ಉತ್ತರ ಕೆರೊಲಿನಾ ಇಂತಹದೇ ಕಾನೂನನ್ನು ತಂದು 2013ರಲ್ಲಿ ರದ್ದುಪಡಿಸಿತ್ತು. ಗಳಿಸಿದ ನ್ಯಾಯವನ್ನು ಕಾಯುವವರೂ ಬೇಕೆಂಬುದಕ್ಕೆ ಇದೇ ಸಾಕ್ಷಿ.

ಆದುದರಿಂದ ಸಹೋದರರೇ, ಶಿಕ್ಷೆಯ ಸುದ್ದಿ ಓದುವಾಗ 'ಆತ ತಪ್ಪಿತಸ್ಥನೇ?' ಎಂದು ಕೇಳಿ ನಿಲ್ಲಬಾರದು. 'ಇದೇ ತಪ್ಪನ್ನು ಬೇರೊಬ್ಬ ಮಾಡಿದ್ದರೆ ಏನಾಗುತ್ತಿತ್ತು?' ಎಂದೂ ಕೇಳಬೇಕು. ಆ ಬೇರೊಬ್ಬನು ನಮ್ಮವನೇ ಆಗಿದ್ದರೂ ಈ ಪ್ರಶ್ನೆಯನ್ನು ನಾವು ಬಿಡಬಾರದು.